ಹೋಗುವಾಗ ನಿಲ್ಲುತ್ತಿದ್ದ ಗಾಡಿ

ಗಾಡಿ ಹೋಗುವಾಗ ನಿಲ್ಲುತ್ತಿತ್ತು, ಬರುವಾಗ ನಿಲ್ಲುತ್ತಿರಲಿಲ್ಲ. ನಾನು ಜೀವಮಾನದಲ್ಲಿ ಅನುಮಾನಪಟ್ಟ ಸಂಗತಿಗಳಿಗೆ ಲೆಕ್ಕವಿಲ್ಲ, ಆದರೆ ಇದರಷ್ಟು ನನ್ನನ್ನು ಕಾಡಿದ್ದು ಇನ್ನೊಂದಿಲ್ಲ. ಬೆಳಿಗ್ಗೆ ಸ್ಕೂಲಿಗೆ ಹೊರಟರೆ ಊರಾಚೆಯ ಹುಣಸೇಮರದ ಹತ್ತಿರ ಇಂಜಿನ್ನು ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಸಾಯಂಕಾಲ ಅದೇ ಇಂಜಿನ್ನು, ಅದೇ ರಸ್ತೆ, ಅದೇ ಹುಣಸೇಮರ. ಒಂದು ಸಣ್ಣ ತಕರಾರಿಲ್ಲದೆ ಮನೆ ಮುಟ್ಟಿಸುತ್ತಿತ್ತು. ಯಂತ್ರಕ್ಕೆ ಸ್ಕೂಲೆಂದರೆ ಆಗುವುದಿಲ್ಲ ಎಂದು ನಂಬಲು ನಾನೇನು ಮಗುವೇ? ಯಾರೋ ಏನೋ ಮಾಡುತ್ತಿದ್ದಾರೆ ಅಂದುಕೊಂಡೆ. ಆ ಯಾರೋ ಯಾರೆಂದು ಹುಡುಕುವುದರಲ್ಲಿ ನನ್ನ ಒಂದು ಮಳೆಗಾಲವೇ ಕಳೆಯಿತು.

ಅನುಮಾನ ನನಗೆ ಹುಟ್ಟಿನಿಂದ ಬಂದದ್ದು. ಅಂಗಡಿಯಲ್ಲಿ ಎಲ್ಲರೂ ತಕ್ಕಡಿಯ ಮುಳ್ಳು ನೋಡಿದರೆ ನಾನು ತೂಗುವವನ ಹೆಬ್ಬೆರಳು ನೋಡುತ್ತಿದ್ದೆ. ಯಾರಾದರೂ ಕಾರಣವಿಲ್ಲದೆ ನಕ್ಕರೆ ಮನೆಗೆ ಹೋಗಿ ಅಂಗಿ ಬಿಚ್ಚಿ ಬೆನ್ನ ಕಡೆ ಏನಾದರೂ ಅಂಟಿದೆಯೇ ಎಂದು ಹುಡುಕುತ್ತಿದ್ದೆ. "ನೀನು ಹೆತ್ತೋಳ್ನೂ ಸಾಕ್ಷಿ ಕೇಳೋನು ಕಣೋ" ಎಂದು ಅಮ್ಮ ಬೈಯುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುವ ಮಾತು ನಿಜ. ಈ ವಯಸ್ಸಿನಲ್ಲೂ ಡಾಕ್ಟರು ಮಾತ್ರೆ ಬರೆದುಕೊಟ್ಟರೆ ನಾನು ಇನ್ನೊಬ್ಬ ಡಾಕ್ಟರಿಗೆ ತೋರಿಸಿಯೇ ನುಂಗುವುದು.

ಆಗ ಅರುವತ್ತರ ದಶಕ ಶುರುವಾಗಿತ್ತು. ಶಿಡ್ಲಘಟ್ಟ ಇನ್ನೂ ಕೋಲಾರ ಜಿಲ್ಲೆಗೆ ಸೇರಿತ್ತು. ಅದಕ್ಕೆ ಹತ್ತಿರದ ಒಂದು ಹಳ್ಳಿ ನಮ್ಮದು. ಬಾವಿಯ ಕೆಳಗೆ ಹಿಪ್ಪುನೇರಳೆ ತೋಟ, ಮನೆಯೊಳಗೆ ರೇಷ್ಮೆಹುಳು. ನಾನು ಸಾದಲಿ ಕಡೆಯ ಒಂದು ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ, ಇನ್ನೂ ಮದುವೆಯಾಗಿರಲಿಲ್ಲ. ಆ ದಾರಿಗೆ ಬೆಳಗಿನ ಹೊತ್ತು ಒಂದೇ ಬಸ್ಸು, ಅದೂ ಬಂದರೆ ಬಂತು. ಸೈಕಲ್ ತುಳಿದರೆ ದಾರಿಯುದ್ದಕ್ಕೂ ಏರು, ಎದುರುಗಾಳಿ. ಮಕ್ಕಳ ಪ್ರಾರ್ಥನೆ ಮುಗಿದು ಮಗ್ಗಿ ಶುರುವಾದ ಮೇಲೆ ನಾನು ಬೆವರು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಹೆಡ್‌ಮೇಷ್ಟ್ರು ಒಂದು ದಿನ ಎಲ್ಲರೆದುರಿಗೇ ಅಂದರು:

"ನೋಡಿ ಮೇಷ್ಟ್ರೇ, ಇನ್ನು ಹಿಂಗೇ ತಡವಾಗಿ ಬಂದ್ರೆ ನಾನು ಮೇಲಕ್ಕೆ ಬರೀತೀನಿ. ಗೌರಿಬಿದನೂರಿನ ಆಚೆಗೆ ಎಲ್ಲಾದ್ರೂ ಹಾಕ್ತಾರೆ. ಅಲ್ಲೇ ಮನೆ ಮಾಡ್ಕೊಂಡು ಆರಾಮಾಗಿರಿ."

ಬೇರೆ ಯಾರಾದರೂ ಆಗಿದ್ದರೆ ಸಾದಲಿಯಲ್ಲೇ ಒಂದು ರೂಮು ಹಿಡಿಯುತ್ತಿದ್ದರು. ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೆ ಕಾರಣ ನನ್ನಣ್ಣ. ಅವನು ಸೈಕಲ್ಲಿನ ಮೇಲೆ ರೇಷ್ಮೆಗೂಡಿನ ಮೂಟೆ ಕಟ್ಟಿಕೊಂಡು ಚಿಂತಾಮಣಿಗೆ ಹೋದವನು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋಗಿಬಿಟ್ಟ. ಆಮೇಲೆ ಅಪ್ಪ ಎರಡು ಕೆಲಸ ಬಿಟ್ಟರು. ಸಾಯಂಕಾಲ ನಾನು ಮನೆ ಸೇರುವತನಕ ಜಗಲಿಯಿಂದ ಏಳುವುದನ್ನು ಬಿಟ್ಟರು, ಗುಡಿಗೆ ಹೋಗುವುದನ್ನೂ ಬಿಟ್ಟರು. ನಮ್ಮೂರ ಆಂಜನೇಯನಿಗೆ ವರ್ಷವೆಲ್ಲ ಎಣ್ಣೆ ಕೊಡುತ್ತಿದ್ದ ಮನೆ ನಮ್ಮದು. ಒಂದು ಮದುವೆಯಲ್ಲಿ ಪೂಜಾರಿ ತೀರ್ಥದ ಬಟ್ಟಲು ಹಿಡಿದು ಎದುರಿಗೆ ಬಂದಾಗ ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ನಂಗೂ ಅವನಿಗೂ ಮಾತಿಲ್ಲ" ಅಂದರು. ಇಡೀ ಚಪ್ಪರ ಕೇಳಿಸಿಕೊಂಡಿತು. ನಮ್ಮಪ್ಪ ಒಂದು ಸಲ ಮಾತು ಬಿಟ್ಟರೆ ಬಿಟ್ಟರು. ಪಕ್ಕದ ಹೊಲದವರೊಡನೆ ಬದುವಿನ ವಿಷಯಕ್ಕೆ ಮಾತು ಬಿಟ್ಟವರು ಆ ಯಜಮಾನನ ಹೆಣ ಹೋಗುವಾಗಲೂ ಬಾಯಿ ತೆರೆದಿರಲಿಲ್ಲ.

ಅಂಥವರನ್ನು, ಮಾತು ಕಡಿಮೆಯಾಗಿದ್ದ ಅಮ್ಮನನ್ನು ಬಿಟ್ಟು ನಾನು ಗೌರಿಬಿದನೂರಿನ ಆಚೆ ಹೋಗಿ ಮಲಗುವುದೆಂದರೆ ಆ ಮನೆಯಲ್ಲಿ ಎರಡನೇ ಚಾಪೆಯನ್ನೂ ಸುತ್ತಿಟ್ಟ ಹಾಗೆ. ಹೊತ್ತಿಗೆ ಸರಿಯಾಗಿ ಸ್ಕೂಲಿನಲ್ಲಿರಬೇಕು, ಕತ್ತಲಾಗುವ ಮುಂಚೆ ಜಗಲಿ ಮುಂದಿರಬೇಕು. ಮೋಟಾರ್ ಸೈಕಲ್ ಕೊಳ್ಳುವ ಮಾತು ಮೇಷ್ಟ್ರ ಬಾಯಲ್ಲಿ ಬರುವಂಥದ್ದಲ್ಲ. ಹಾಗಾಗಿ ಇದ್ದ ಸೈಕಲ್ಲಿಗೇ ಇಂಜಿನ್ ಕೂರಿಸಲು ಹೊರಟೆ. ಅಲ್ಲಿಯತನಕ ನಾನು ಬಿಚ್ಚಿ ಜೋಡಿಸಿದ್ದ ಯಂತ್ರ ಅಂದರೆ ಸೈಕಲ್ ಬೆಲ್ಲು ಮಾತ್ರ.

ಚಿಂತಾಮಣಿಯ ಗುಜರಿ ಅಂಗಡಿಯಲ್ಲಿ ಒಂದು ಸಣ್ಣ ಪೆಟ್ರೋಲ್ ಇಂಜಿನ್ ಇತ್ತು. ಯುದ್ಧದ ಕಾಲದಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತಿದ್ದದ್ದಂತೆ, ಮಿಲಿಟರಿಯವರು ಹರಾಜು ಹಾಕಿದ್ದಂತೆ. ಅಂಗಡಿಯ ಸಾಹೇಬರು ಗಡ್ಡ ನೀವಿಕೊಳ್ಳುತ್ತಾ ಅದರ ಮೇಲಿನ ಧೂಳನ್ನು ಬಾಯಲ್ಲಿ ಊದಿದರು.

"ಮಿಲಿಟರಿ ಮಾಲು ಮೇಷ್ಟ್ರೇ. ನೀವು ಸಾಯ್ತೀರಿ, ಇದು ಸಾಯಲ್ಲ."

"ಎಲ್ಲಿಂದ ಬಂತು?"

"ನಿಮ್ಗೆ ಇಂಜಿನ್ ಬೇಕಾ, ಅದ್ರ ಜಾತಕ ಬೇಕಾ?"

ಜಾತಕ ಕೊಡಲು ಹಿಂಜರಿಯುವವನು ಏನೋ ಮುಚ್ಚಿಡುತ್ತಿದ್ದಾನೆ ಎಂದೇ ನನಗನ್ನಿಸಿತು. ಕದ್ದ ಮಾಲೋ, ಒಡೆದ ಮಾಲೋ? ಅಂಗಡಿಯ ಮುಂದೆಯೇ ಸ್ಟಾರ್ಟ್ ಮಾಡಿಸಿದೆ. ಅದು ಬೀದಿ ನಾಯಿಗಳೆಲ್ಲ ಓಡುವಂತೆ ಒದರಿತು. ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿಸಿದೆ. ಸಾಹೇಬರು ಹಣೆ ಒರೆಸಿಕೊಂಡು, "ಯಾ ಅಲ್ಲಾ, ಹೆಣ್ಣು ನೋಡೋಕ್ ಹೋದಾಗ್ಲೂ ಹಿಂಗೇ ಮಾಡ್ತೀರಾ?" ಅಂದರು. ಅದಕ್ಕೇ ನನಗಿನ್ನೂ ಮದುವೆಯಾಗಿಲ್ಲ ಎಂದು ನಾನು ಹೇಳಲಿಲ್ಲ.

ಇಂಜಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ಬಂದೆ. ಅಪ್ಪ ಜಗಲಿಯಿಂದಲೇ ನೋಡಿದರು. ಇದ್ದ ಸೈಕಲ್ಲು ಅಣ್ಣನದಲ್ಲ, ಅಣ್ಣನದನ್ನು ಮನೆಗೇ ತಂದಿರಲಿಲ್ಲ. ಆದರೂ ಅಪ್ಪನಿಗೆ ಎಲ್ಲಾ ಸೈಕಲ್ಲೂ ಒಂದೇ.

"ಬರೀ ಸೈಕಲ್ಲೇ ಒಬ್ಬನ್ನ ತಿಂತು. ಈಗ ಅದಕ್ಕೆ ಹಲ್ಲು ಬೇರೆ ಕಟ್ಟಿಸ್ತೀಯ?" ಅಂದರು. ಆಮೇಲೆ ಆ ವಿಷಯವಾಗಿ ನನ್ನ ಹತ್ತಿರ ಮಾತಾಡಲಿಲ್ಲ. ಮಾತು ಬಿಟ್ಟವರ ಸಾಲಿನಲ್ಲಿ ನನ್ನ ಇಂಜಿನ್ನೂ ಸೇರಿತು.

ಅಮ್ಮನ ವಿರೋಧ ಬೇರೆ ತರಹದ್ದು. ರೇಷ್ಮೆಹುಳಕ್ಕೆ ವಾಸನೆ ಆಗುವುದಿಲ್ಲ. ಹುಳದ ಮನೆಗೆ ಬೀಡಿ ಸೇದಿ ಬರುವ ಹಾಗಿಲ್ಲ, ಸೀಮೆಎಣ್ಣೆ ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟುವ ಹಾಗಿಲ್ಲ, ಹೊರಗಿನವರು ಇಣುಕುವ ಹಾಗೂ ಇಲ್ಲ. ಹುಳ ಪೊರೆ ಬಿಡಲು ಸೊಪ್ಪು ಬಿಟ್ಟು ತಲೆಯೆತ್ತಿ ನಿಲ್ಲುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರದಲ್ಲಿದ್ದಾಗಂತೂ ಅಮ್ಮ ಮನೆಯಲ್ಲಿ ಜೋರಾಗಿ ಸೀನಲೂ ಬಿಡುತ್ತಿರಲಿಲ್ಲ. "ನಾಯ್ನಾ, ನನ್ನಪ್ಪಾ, ಆ ಗಬ್ಬುನಾತದ್ದನ್ನ ಈ ಕಡೆ ತಂದ್ರೆ ನಿನ್ನೂ ಅದನ್ನೂ ಸೇರಿಸಿ ತಿಪ್ಪೆಗೆ ಹಾಕ್ತೀನಿ" ಅಂದಳು. ಹೀಗಾಗಿ ನನ್ನ ಕಾರ್ಖಾನೆ ಹಿತ್ತಲಿನ ಆಚೆ, ಹುಲ್ಲಿನ ಬಣವೆಯ ಪಕ್ಕದ ಹಳೇ ಕೊಟ್ಟಿಗೆಯಲ್ಲಿ ಶುರುವಾಯಿತು. ಕೆಲಸ ಮುಗಿಸಿ ಬಾವಿಯಲ್ಲಿ ಸ್ನಾನ ಮಾಡಿ ಬಂದರೂ ಅಮ್ಮ ಹೊಸ್ತಿಲಲ್ಲಿ ನಿಲ್ಲಿಸಿ ಅಂಗೈ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದಳು. ನನ್ನ ಅನುಮಾನ ಯಾರ ಕಡೆಯಿಂದ ಬಂದದ್ದೆಂದು ಆಗ ತಿಳಿಯಿತು.

ಗಾಡಿ ಕಟ್ಟುವುದು ಗೊತ್ತಿಲ್ಲದವನು ಗಾಡಿ ಕಟ್ಟಿದರೆ ಏನೇನಾಗಬೇಕೋ ಅದೆಲ್ಲ ಆಯಿತು. ಹಿಂದಿನ ಚಕ್ರದ ಕಡ್ಡಿಗಳಿಗೆ ಇನ್ನೊಂದು ಬರೀ ರಿಮ್ಮನ್ನು ತಂತಿಯಿಂದ ಬಿಗಿದು, ಇಂಜಿನ್ನಿನಿಂದ ಅದಕ್ಕೆ ಪಟ್ಟಿ ಹಾಕುವುದು ನನ್ನ ಉಪಾಯ. ಕುಲುಮೆಯ ಆಚಾರಿ ಇಂಜಿನ್ ಕೂರುವುದಕ್ಕೆ ಕಬ್ಬಿಣದ ಚೌಕಟ್ಟು ಮಾಡಿಕೊಟ್ಟ. ಮೊದಲು ಹಗ್ಗವನ್ನೇ ಪಟ್ಟಿಯಂತೆ ಹಾಕಿದೆ. ಅದು ಹೊಗೆಯಾಡಿ ಸುಟ್ಟುಹೋಯಿತು. ಆಮೇಲೆ ಹಿಟ್ಟಿನ ಗಿರಣಿಯವರು ಬಿಸಾಕಿದ್ದ ಚರ್ಮದ ಬೆಲ್ಟನ್ನು ಸೀಳಿ ಹೊಲಿದೆ. ಎಲ್ಲ ಜೋಡಿಸಿ, ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಸ್ಟ್ಯಾಂಡ್ ಹಾಕಿ ಇಂಜಿನ್ ಶುರುಮಾಡಿದರೆ ಚಕ್ರ ಭರ್ರನೆ ತಿರುಗಿತು, ಆದರೆ ಹಿಂದಕ್ಕೆ. ಇಂಜಿನ್ನನ್ನು ಹಿಂದುಮುಂದಾಗಿ ಕೂರಿಸಿದ್ದೆ. ಅಮ್ಮ ಬಣವೆಯ ಹತ್ತಿರ ಮೂಗಿಗೆ ಸೆರಗು ಹಿಡಿದು ನಿಂತು, "ಒಳ್ಳೇದಾಯ್ತು ಬಿಡು, ಮನೆಯಿಂದ ಹೊರಡೋಕೇ ಆಗಲ್ಲ" ಎಂದು ನಕ್ಕಳು. ಅಣ್ಣ ಹೋದಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಾಡಿ ಓಡದಿದ್ದರೂ ಪರವಾಗಿಲ್ಲ ಅನ್ನಿಸಿಬಿಟ್ಟಿತು.

ಕಡಲೇಕಾಯಿ ಎಣ್ಣೆಯ ತಗಡಿನ ಡಬ್ಬವೊಂದನ್ನು ಕಲಾಯಿಯವನ ಹತ್ತಿರ ಬೆಸುಗೆ ಹಾಕಿಸಿ ಪೆಟ್ರೋಲ್ ಟ್ಯಾಂಕು ಮಾಡಿದೆ. ಮೇಲೊಂದು ಮುಚ್ಚಳ, ತಳದಲ್ಲೊಂದು ನಲ್ಲಿ, ನಲ್ಲಿಯಿಂದ ಇಂಜಿನ್ನಿನ ಕಾರ್ಬೊರೇಟರಿಗೆ ರಬ್ಬರ್ ಕೊಳವೆ. ಹಿಂದಿನ ತಪ್ಪನ್ನು ತಿದ್ದಿ ಇಂಜಿನ್ ತಿರುಗಿಸಿ ಕೂರಿಸಿದೆ. ಸ್ವಲ್ಪ ದೂರ ತುಳಿದು, ಪಕ್ಕದ ಸನ್ನೆಕೋಲು ಎಳೆದು ಪಟ್ಟಿ ಬಿಗಿ ಮಾಡಿದರೆ ಇಂಜಿನ್ ಹೊತ್ತಿಕೊಳ್ಳುತ್ತಿತ್ತು. ಮೊದಲ ಸಲ ಅದು ನನ್ನನ್ನು ಹೊತ್ತುಕೊಂಡು ಓಡಿದಾಗ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು, ಬ್ರೇಕಿನ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಒಂದು ರಾಗಿ ಹೊಲದಲ್ಲಿ ಇಳಿದೆ. ಹೊಲದವನು ಬೈದ, ನಾನು ಬೈಸಿಕೊಂಡು ನಗುತ್ತಿದ್ದೆ.

ಬ್ರೇಕು ಸರಿಮಾಡಿ ಸ್ಕೂಲಿಗೆ ಹೊರಡಲು ಶುರುಮಾಡಿದೆ. ಮೊದಲ ವಾರ ಪ್ರಾರ್ಥನೆಯ ಮುಂಚೆಯೇ ಹೋಗಿ ನಿಂತೆ. ಹೆಡ್‌ಮೇಷ್ಟ್ರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಷ್ಟು ದಿನ ಓಡ್ತದೋ ನೋಡಣ" ಅಂದರು. ಅವರ ಬಾಯಿ ಒಳ್ಳೆಯದಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ಅದಾಗಿ ಸ್ವಲ್ಪ ದಿನಕ್ಕೇ ಹುಣಸೇಮರದ ಹತ್ತಿರ ಗಾಡಿ ನಿಲ್ಲಲು ಶುರುವಾಯಿತು.

ಮರದಲ್ಲಿ ಕಾವಲುದೆವ್ವ ಮುನಿ ಇದ್ದಾನೆ, ಸದ್ದು ಮಾಡಿಕೊಂಡು ಹೋದರೆ ತಡೆಯುತ್ತಾನೆ ಎಂದು ಊರಿನವರು ಹೇಳಿದರು. ಮುನಿಯ ಮೇಲೆ ನನಗೆ ಅನುಮಾನವಿರಲಿಲ್ಲ. ತಡೆಯುವವನು ಎರಡೂ ಹೊತ್ತು ತಡೆಯಬೇಕಲ್ಲ? ಪ್ಲಗ್ಗು ಬಿಚ್ಚಿ ಒರೆಸಿದೆ, ಪಟ್ಟಿ ನೋಡಿದೆ, ಗಾಡಿಯನ್ನು ಅಲ್ಲಾಡಿಸಿದೆ. ಎಷ್ಟೋ ಹೊತ್ತು ಒದ್ದಾಡಿದ ಮೇಲೆ ಒಮ್ಮೊಮ್ಮೆ ತಾನಾಗಿ ಹೊತ್ತಿಕೊಳ್ಳುತ್ತಿತ್ತು, ಒಮ್ಮೊಮ್ಮೆ ಇಲ್ಲ. ಇಂಜಿನ್ನಿನ ಭಾರ ಹೊತ್ತ ಸೈಕಲ್ಲನ್ನು ತುಳಿದುಕೊಂಡು ಏರು ಹತ್ತುವುದೆಂದರೆ ಸತ್ತ ಕತ್ತೆಯನ್ನು ಹೊತ್ತ ಹಾಗೆ. ಮತ್ತೆ ತಡವಾಗತೊಡಗಿತು. ಹೆಡ್‌ಮೇಷ್ಟ್ರು ಗಡಿಯಾರ ನೋಡಿ ಅಂದರು:

"ಅಲ್ರೀ, ಬರೋವಾಗ ಕೆಡ್ತದೆ, ಮನೆಗೆ ಹೋಗೋವಾಗ ಸರಿಹೋಗ್ತದೆ. ಗಾಡಿಗೂ ನಿಮ್ಮ ಬುದ್ಧೀನೇ ಬಂದಿದೆಯಲ್ಲ! ಈ ತಿಂಗಳು ಕಳೀಲಿ, ಬರ್ದೇಬಿಡ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಮೊದಲು ಚಿಂತಾಮಣಿಗೆ ಹೋಗಿ ಸಾಹೇಬರನ್ನು ಹಿಡಿದೆ. ಅವರು, "ಸಂಜೆ ಓಡ್ತದೆ ಅಂತೀರಿ. ಕೆಟ್ಟ ಇಂಜಿನ್ಗೆ ಹೊತ್ತು ಗೊತ್ತು ಇರ್ತದಾ?" ಎಂದು ಕೇಳಿದರು. ಅಲ್ಲಿಂದ ಪೆಟ್ರೋಲ್ ಬಂಕಿನವನ ಕಡೆ ತಿರುಗಿದೆ. ನೀರು ಬೆರೆಸುತ್ತಿದ್ದಾನೆ! ಹಾಲಿನವರು ಬೆರೆಸುವುದಿಲ್ಲವೇ, ಇವನೇನು ಸತ್ಯಹರಿಶ್ಚಂದ್ರನ ಮೊಮ್ಮಗನೇ? ಅವನೆದುರಿಗೇ ಒಂದು ಗಾಜಿನ ಸೀಸೆಗೆ ಪೆಟ್ರೋಲ್ ಹಾಕಿಸಿಕೊಂಡು ಬಿಸಿಲಿಗೆ ಹಿಡಿದೆ. ಎಷ್ಟು ಹೊತ್ತು ಇಟ್ಟರೂ ತಳದಿಂದ ಕೊರಳಿನವರೆಗೆ ಒಂದೇ ಸಮ ಇತ್ತು. ಮಾರನೆಯ ಬೆಳಿಗ್ಗೆ ಹೊರಡುವ ಮೊದಲು ನನ್ನ ಟ್ಯಾಂಕಿನ ನಲ್ಲಿ ಬಿಚ್ಚಿ ಇನ್ನೊಂದು ಸೀಸೆಗೆ ಇಳಿಸಿದೆ. ತಳದಲ್ಲಿ ನೀರಿನ ಮಣಿಗಳು ಗುಂಡಗೆ ಹೊರಳಾಡುತ್ತಿದ್ದವು.

ಆಗ ಎಲ್ಲ ಅರ್ಥವಾಯಿತು. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಕೊಳವೆಯಲ್ಲಿ ಹಿಂದಿನ ದಿನ ಉಳಿದ ಪೆಟ್ರೋಲಿನಲ್ಲಿ ಗಾಡಿ ಹುಣಸೇಮರದವರೆಗೆ ಹೋಗುತ್ತದೆ. ಆಮೇಲೆ ನೀರು ಬರುತ್ತದೆ, ಇಂಜಿನ್ ಸಾಯುತ್ತದೆ. ಒದ್ದಾಡಿ ಒದ್ದಾಡಿ ಆ ನೀರು ಹೋದಮೇಲೆ ಸಾಯಂಕಾಲ ಸಲೀಸು. ಅಂದರೆ ಪ್ರತಿದಿನವೂ ನಾನು ಮನೆ ಸೇರಿದ ಮೇಲೆ, ಹೊರಡುವ ಮುಂಚೆ, ಯಾರೋ ನನ್ನ ಟ್ಯಾಂಕಿಗೆ ನೀರು ಹಾಕುತ್ತಿದ್ದಾರೆ. ಅದೂ ಊರಿನಲ್ಲಲ್ಲ, ನಮ್ಮ ಹಿತ್ತಲಿನಲ್ಲಿ.

ಕಾರ್ಬೊರೇಟರ್ ಬಿಚ್ಚಿದಾಗ ಒಂದು ಚೂರು ಎಲೆ ಸಿಕ್ಕಿತು, ಕಪ್ಪಾಗಿ ಮುದುಡಿದ್ದು. ನಮ್ಮ ಮನೆಯಲ್ಲಿ ಎಲೆ ಅಂದರೆ ಒಂದೇ, ಹಿಪ್ಪುನೇರಳೆ. ಹುಳಕ್ಕೆ ಸೊಪ್ಪು ಹೆಚ್ಚುವ ಅಮ್ಮನ ಸೀರೆ ತುಂಬ ಅದರ ಚೂರುಗಳೇ. ವಾಸನೆ ತಡೆಯಲಾರದೆ ಅಮ್ಮನೇ ಹೀಗೆ ಮಾಡುತ್ತಿದ್ದಾಳೆಯೇ? ಎರಡು ದಿನ ಅವಳ ಕೈಯಿಂದ ಮುದ್ದೆ ಹಾಕಿಸಿಕೊಂಡು ಉಣ್ಣುವಾಗಲೂ ಅವಳ ಬೆರಳನ್ನೇ ನೋಡಿದೆ. "ಏನೋ ಹಂಗ್ ನೋಡ್ತೀಯ, ವಿಷ ಹಾಕಿದೀನಾ?" ಅಂದಳು. ನಾನು ತಲೆ ತಗ್ಗಿಸಿ ಉಂಡೆ.

ಕೇಳಿದರೆ ಒಪ್ಪಿಕೊಳ್ಳುತ್ತಾರೆಯೇ? ಅದಕ್ಕಾಗಿ ಒಂದು ಬಲೆ ಇಟ್ಟೆ. ಮನೆಯಲ್ಲಿದ್ದ ಕಚ್ಚಾ ರೇಷ್ಮೆಯಲ್ಲಿ ಒಂದೆಳೆ ತೆಗೆದು ಸಾಯಂಕಾಲ ಟ್ಯಾಂಕಿನ ಮುಚ್ಚಳಕ್ಕೂ ಸೈಕಲ್ಲಿನ ಹ್ಯಾಂಡಲ್ಲಿಗೂ ಬಿಗಿಯಾಗಿ ಕಟ್ಟಿದೆ. ಗೊತ್ತಿಲ್ಲದವರ ಕಣ್ಣಿಗೆ ಕಾಣದು. ಎಳೆ ಕಡಿಯದೆ ಮುಚ್ಚಳ ತಿರುಗದು. ಬೆಳಿಗ್ಗೆ ಹೋಗಿ ನೋಡಿದರೆ ಎಳೆ ಕಟ್ಟಿದ ಹಾಗೇ ಇತ್ತು. ಸಮಾಧಾನದಿಂದ ಹೊರಟೆ. ಹುಣಸೇಮರದ ಹತ್ತಿರ ಗಾಡಿ ನಿಂತಿತು.

ಎಳೆ ಕಡಿಯಲಿಲ್ಲ, ನೀರು ಬಿತ್ತು! ನಾನು ನಿಜವಾಗಿಯೂ ಮರದ ಕಡೆ ತಲೆಯೆತ್ತಿ ನೋಡಿದೆ. ಮುನಿಯನ್ನು ನಂಬುವ ಘಟ್ಟಕ್ಕೆ ಬಂದಿದ್ದೆ.

ಆ ಸಾಯಂಕಾಲ ಮತ್ತೊಂದು ಎಳೆ ಕಟ್ಟಿ, ಮಾರನೆಯ ದಿನ ಮುಚ್ಚಳ ಮುಟ್ಟುವ ಮೊದಲು ಅದನ್ನು ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಸವರಿಕೊಂಡು ಹೋದೆ. ನಡುವೆ ಏನೋ ತಾಗಿತು. ಬಿಸಿಲಿಗೆ ಹಿಡಿದರೆ ಒಂದು ಗಂಟು, ಸಾಸಿವೆಯ ಕಾಲು ಭಾಗದಷ್ಟು. ಕಡಿದ ಎಳೆಯ ಎರಡು ತುದಿ ಸೇರಿಸಿ, ಗಂಟು ಹಾಕಿ, ಉಳಿದ ಬಾಲವನ್ನು ಹಲ್ಲಿನಿಂದ ಕಚ್ಚಿ ತೆಗೆದದ್ದು.

ಆ ಗಂಟು ನನಗೆ ಗೊತ್ತಿತ್ತು. ಅಪ್ಪ ಮದುವೆಗೆ ಮುಂಚೆ ಶಿಡ್ಲಘಟ್ಟದಲ್ಲಿ ಚರಕದ ಮುಂದೆ ಕೂತು ಗೂಡಿನಿಂದ ನೂಲು ಬಿಚ್ಚುತ್ತಿದ್ದರು. ತಿರುಗುವಾಗ ಎಳೆ ಕಡಿದರೆ ಕ್ಷಣದಲ್ಲಿ ಸೇರಿಸಬೇಕು, ಸೇರಿಸಿದ್ದು ಕಾಣಬಾರದು. ನಮ್ಮ ಚಿಕ್ಕಂದಿನ ಗಾಳಿಪಟದ ದಾರ, ಅಂಗಿಯ ಗುಂಡಿ, ಅಣ್ಣನ ಬುಗುರಿಯ ಹುರಿ ಎಲ್ಲದಕ್ಕೂ ಅಪ್ಪ ಹಾಕಿಕೊಡುತ್ತಿದ್ದದ್ದು ಅದೇ ಗಂಟು. ಆ ಮನೆಯಲ್ಲಿ ಅದು ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ನನಗೆ ಅಷ್ಟು ಕೋಪ ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ. ಬೇಡವೆಂದರೆ ಬಾಯಲ್ಲಿ ಹೇಳಬಹುದಿತ್ತು. ಗಾಡಿಯನ್ನು ಬಾವಿಗೆ ತಳ್ಳಿದ್ದರೂ ಸಹಿಸುತ್ತಿದ್ದೆ. ಅವರ ಕಣ್ಣೆದುರಿಗೆ ಇರಲಿಕ್ಕೆಂದೇ ನಾನು ಇಷ್ಟೆಲ್ಲ ಒದ್ದಾಡುತ್ತಿದ್ದರೆ, ಅವರು ಕಳ್ಳನ ಹಾಗೆ ಬಂದು ನನ್ನ ಕೆಲಸಕ್ಕೇ ನೀರು ಹಾಕುವುದೇ? ಕೈಯಾರೆ ಹಿಡಿದು ಮುಖಕ್ಕೆ ಮುಖ ಕೇಳಿಯೇ ಬಿಡುತ್ತೇನೆ ಎಂದು ಹಠ ಹುಟ್ಟಿತು.

ಮಾರನೆಯ ದಿನ ಅಮ್ಮ ಹಾಲು ಕರೆಯಲು ಏಳುವ ಹೊತ್ತಿಗೇ ಎದ್ದು ಹೋಗಿ ಬಣವೆಯ ಮರೆಯಲ್ಲಿ ನಿಂತೆ. ಬೆಳಕು ಹರಿಯುತ್ತಿತ್ತು. ಅಪ್ಪ ಮನೆಯ ಕಡೆಯಿಂದ ಬರಲಿಲ್ಲ. ಹಿಂದಿನ ಓಣಿಯಿಂದ ಬಂದರು, ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿದ್ದರು. ಕೈಯಲ್ಲಿ ಒಂದು ಪುಟ್ಟ ಹಿತ್ತಾಳೆ ಗಿಂಡಿ, ಅದರ ಬಾಯಿಗೆ ಅಂಗೈ ಮುಚ್ಚಿಕೊಂಡಿದ್ದರು. ಆ ಓಣಿ ಹೋಗುವುದು ಆಂಜನೇಯನ ಗುಡಿಯ ಹಿಂಬಾಗಿಲಿಗೆ. ಕೊಟ್ಟಿಗೆಯ ಮುಂದೆ ನಿಂತು ಆ ಕಡೆ ಈ ಕಡೆ ನೋಡಿ ಚಪ್ಪಲಿ ಬಿಟ್ಟರು. ನಾನು ದನದ ಸಗಣಿಯ ನಡುವೆ ನಿಲ್ಲಿಸಿದ್ದ ಗಾಡಿಯ ಮುಂದೆ ನಮ್ಮಪ್ಪ ಚಪ್ಪಲಿ ಬಿಟ್ಟು ನಿಂತರು.

ಎಳೆ ಕಡಿದು ಎರಡು ತುದಿಯನ್ನೂ ತುಟಿಯಲ್ಲಿ ಹಿಡಿದುಕೊಂಡರು. ಮುಚ್ಚಳ ತೆಗೆದು ಗಿಂಡಿಯಿಂದ ತೀರ್ಥ ಬಿಟ್ಟರು, ಸ್ವಲ್ಪವೇ. ಅದರೊಂದಿಗೆ ಒಂದು ತುಳಸಿದಳವೂ ಜಾರಿತು. ಮುಚ್ಚಳ ಹಾಕಿ, ಕಣ್ಣು ಸರಿಯಾಗಿ ಕಾಣದಿದ್ದುದರಿಂದ ಬೆರಳಿನ ಅಂದಾಜಿನಲ್ಲೇ ಗಂಟು ಹಾಕಿದರು. ಎರಡು ಸಲ ತಪ್ಪಿತು. ಬಾಲ ಕಚ್ಚಿ ಉಗುಳಿ, ಟ್ಯಾಂಕಿನ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಅಂದರು:

"ನಂಗೂ ನಿಂಗೂ ಇರೋ ಜಗಳ ಹಂಗೇ ಇರ್ಲಿ. ಅದನ್ನ ನಾನು ಬಿಟ್ಟಿಲ್ಲ. ಇದು ಬೇರೆ ವ್ಯವಹಾರ. ಇವನು ಸಂಜೆ ಮನೆಗೆ ಬರ್ಬೇಕು, ಅಷ್ಟೇ."

ಬಣವೆಯ ಹುಲ್ಲಿಗೆ ಮುಖ ಒತ್ತಿಕೊಂಡು ನಿಂತೆ. ಇಷ್ಟು ದಿನ ಅನುಮಾನಪಟ್ಟು ಪಟ್ಟು ಕೊನೆಗೂ ಸರಿಯಾದ ಕೈಯನ್ನೇ ಹಿಡಿದಿದ್ದೆ. ಆ ಕೈ ಏನು ಮಾಡುತ್ತಿದೆ ಅನ್ನುವುದೊಂದು ಮಾತ್ರ ನನ್ನ ಯಾವ ಅನುಮಾನಕ್ಕೂ ಹೊಳೆದಿರಲಿಲ್ಲ.

ಹೇಳುವುದು ಹೇಗೆ? ನಿಮ್ಮ ತೀರ್ಥದಿಂದಲೇ ಗಾಡಿ ನಿಲ್ಲುತ್ತಿದೆ ಅಂದರೆ, ಊರೆಲ್ಲ ಕೇಳುವಂತೆ ಮಾತು ಬಿಟ್ಟವರು ಯಾರಿಗೂ ಕಾಣದ ಹಾಗೆ ಹಿಂಬಾಗಿಲಿಗೆ ಹೋದದ್ದು ಬಯಲಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವರು ದೇವರ ಹತ್ತಿರ ಕೇಳಿಕೊಂಡದ್ದು, ಅಣ್ಣನ ವಿಷಯದಲ್ಲಾದ ಹಾಗೆ, ಎರಡನೇ ಸಲವೂ ತಪ್ಪಾಯಿತು ಎಂದು ನಾನೇ ಬಾಯಿಬಿಟ್ಟು ಹೇಳಿದ ಹಾಗಾಗುತ್ತದೆ. ಹೇಳದಿದ್ದರೆ ತಿಂಗಳು ಕಳೆಯುತ್ತದೆ, ಹೆಡ್‌ಮೇಷ್ಟ್ರು ಬರೆಯುತ್ತಾರೆ, ನಾನು ಗೌರಿಬಿದನೂರಿನ ಆಚೆ.

ಆ ಭಾನುವಾರ ಟ್ಯಾಂಕನ್ನು ಕಲಾಯಿಯವನ ಹತ್ತಿರ ಒಯ್ದೆ. ಪೆಟ್ರೋಲ್ ಹೋಗುವ ನಲ್ಲಿಯ ಬಾಯನ್ನು ಟ್ಯಾಂಕಿನೊಳಗೆ ಒಂದು ಬೆರಳಷ್ಟು ಎತ್ತರಿಸಿ, ತಳದ ಮೂಲೆಯಲ್ಲಿ ನೀರು ಇಳಿಸಲು ಬೇರೊಂದು ತಿರುಪು ಇಡಿಸಿದೆ. ನೀರು ತಳದಲ್ಲಿ ಕೂರುತ್ತದೆ, ಇಂಜಿನ್ನಿಗೆ ಮೇಲಿನ ಪೆಟ್ರೋಲ್ ಹೋಗುತ್ತದೆ. ಅಪ್ಪ ಅದನ್ನು ನೋಡಿ, ಗಾಡಿಯ ವಿಷಯದಲ್ಲಿ ಬಿಟ್ಟಿದ್ದ ಮಾತನ್ನು ಮೊದಲ ಸಲ ಮುರಿದರು.

"ಅದೇನೋ ಅದು, ಹೊಸದು?"

"ಕಸ ಇಳಿಯೋಕೆ ಅಪ್ಪಾ."

"ಕಸ ಎಲ್ಲಿಂದ ಬರ್ತದೆ?"

"ಬಂಕಿನವನು ಸರಿಯಿಲ್ಲ."

ಅಪ್ಪ ಆ ತಿರುಪನ್ನು ಬೆರಳಲ್ಲಿ ಮುಟ್ಟಿ ನೋಡಿ, "ಹೂಂ. ಈ ಕಾಲದಲ್ಲಿ ಯಾರನ್ನೂ ನಂಬಂಗಿಲ್ಲ" ಅಂದರು.

ಅಲ್ಲಿಂದ ಗಾಡಿ ನಿಲ್ಲಲಿಲ್ಲ. ವರ್ಗದ ಮಾತು ಹೆಡ್‌ಮೇಷ್ಟ್ರ ಬಾಯಲ್ಲೇ ಆರಿತು. ಎಳೆ ಕಟ್ಟುವುದನ್ನು ನಾನು ಬಿಡಲಿಲ್ಲ, ಬಿಟ್ಟರೆ ಅಪ್ಪನಿಗೆ ಅನುಮಾನ ಬರುತ್ತಿತ್ತು. ಸಾಯಂಕಾಲ ನಾನು ಕಟ್ಟುತ್ತಿದ್ದೆ, ಬೆಳಿಗ್ಗೆ ಅವರು ಕಡಿದು ಗಂಟು ಹಾಕುತ್ತಿದ್ದರು. ಹುಣಸೇಮರ ದಾಟಿದ ಮೇಲೆ ಗಾಡಿ ನಿಲ್ಲಿಸಿ, ತಿರುಪು ಸಡಿಲಿಸಿ, ಇಳಿದ ನೀರನ್ನು ಅಂಗೈಗೆ ಹಿಡಿದು ತಲೆಗೆ ಒರೆಸಿಕೊಂಡು ಹೋಗುತ್ತಿದ್ದೆ. ಪೆಟ್ರೋಲ್ ವಾಸನೆಯ ತೀರ್ಥ. ಮೇಷ್ಟ್ರು ತಲೆಗೆ ಅದೇನು ಎಣ್ಣೆ ಹಚ್ಚುತ್ತಾರೋ ಎಂದು ಸ್ಕೂಲಿನ ಮಕ್ಕಳಿಗೆಲ್ಲ ಅನುಮಾನ.

ಹೀಗೆ ವರ್ಷಗಳು ನಡೆದವು. ನನಗೆ ಮದುವೆಯಾಯಿತು. ಗಾಡಿಯ ಪಟ್ಟಿ, ರಿಮ್ಮು, ಟಯರು ಎಲ್ಲ ಬದಲಾದವು. ಕೊನೆಕೊನೆಗೆ ಅಪ್ಪನ ಗಂಟು ದಪ್ಪವಾಗುತ್ತಾ ಬಂತು, ದೂರದಿಂದಲೇ ಕಾಣುವಂತಾಯಿತು. ನಾನು ಕಾಣದವನಂತೆ ಮುಚ್ಚಳ ತಿರುಗಿಸುತ್ತಿದ್ದೆ. ಒಂದು ಚಳಿಗಾಲ ಅಪ್ಪ ಜ್ವರ ಬಂದು ಮಲಗಿದವರು ಏಳಲಿಲ್ಲ. ಆಂಜನೇಯನೊಡನೆ ಮಾತು ಬಿಟ್ಟವರಾಗಿಯೇ ಊರಿನ ಕಣ್ಣಲ್ಲಿ ಹೋದರು. ಪೂಜಾರಿ ಬಂದು ಮೂಲೆಯಲ್ಲಿ ನಿಂತು ಯಾರಿಗಿಂತಲೂ ಹೆಚ್ಚು ಅತ್ತ. ಯಾಕೆಂದು ಊರಿನವರಿಗೆ ಗೊತ್ತಾಗಲಿಲ್ಲ.

ತಿಥಿ ಮುಗಿದು ನಾನು ಮತ್ತೆ ಸ್ಕೂಲಿಗೆ ಹೊರಡುವ ಹಿಂದಿನ ಸಾಯಂಕಾಲ ಅಭ್ಯಾಸಬಲದಿಂದ ಎಳೆ ಕಟ್ಟಿದ್ದೆ. ಬೆಳಿಗ್ಗೆ ಅದನ್ನು ಎರಡು ಬೆರಳಿನ ನಡುವೆ ಸವರಿಕೊಂಡು ಹೋದೆ. ಈ ತುದಿಯಿಂದ ಆ ತುದಿಯವರೆಗೆ ಏನೂ ತಾಗಲಿಲ್ಲ. ನಾನು ಕಟ್ಟಿದ ಹಾಗೇ ಇತ್ತು.

ತಿರುಪು ಬಿಚ್ಚಿದೆ. ಅಂಗೈಗೆ ಬರೀ ಪೆಟ್ರೋಲ್ ಬಂತು.

ಆ ದಿನ ಗಾಡಿ ಚೆನ್ನಾಗಿ ಓಡಿತು, ಒಂದು ಸಲವೂ ಕೆಮ್ಮಲಿಲ್ಲ. ನನಗೆ ಮೊದಲ ಸಲ ಆ ರಸ್ತೆಯ ಮೇಲೆ ಭಯವಾಯಿತು. ಹುಣಸೇಮರದ ಹತ್ತಿರ ನಾನೇ ನಿಲ್ಲಿಸಿ ಇಳಿದೆ, ಆ ದಿನ ಸ್ಕೂಲಿಗೆ ತಡವಾಗಿ ಹೋದೆ.